ಹಾಸ್ಟೆಲ್ ಹುಡುಗರ ನಿದ್ದೆ, ಎದೆಬಡಿತ, ಬ್ಯಾಕ್ ಪೇಪರ್: ಒಂದು ಪುಟದಲ್ಲಿ ಏನು ಬರೆದು ಕೊಡಲಿ?

ಸಿವಿಲ್ ಮೇಷ್ಟ್ರು:

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜೊಂದರಲ್ಲಿ ಮೂರನೇ ಸೆಮಿಸ್ಟರಿನವರಿಗೆ ಮೆಂಟರ್ ಆಗಿದ್ದೇನೆ. ಬಹುಪಾಲು ಹಾಸ್ಟೆಲ್ ಹುಡುಗರು, ಮೂವರಿಗೆ ಒಂದು ರೂಮು. ಇಂಟರ್ನಲ್ಸ್ (ಕಾಲೇಜಿನ ಒಳ ಪರೀಕ್ಷೆ) ಹತ್ತಿರ ಬಂದ ಹಾಗೆ ಬರುವ ದೂರುಗಳು ಹೆಚ್ಚುಕಮ್ಮಿ ಒಂದೇ. ರಾತ್ರಿ ಮೂರರವರೆಗೆ ನಿದ್ದೆ ಬರಲ್ಲ, ಬೆಳಗ್ಗೆ ಮೊದಲ ಪೀರಿಯಡ್ಡಿಗೆ ಏಳೋಕಾಗಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎದೆ ಡಬಡಬ, ಬೆರಳೆಲ್ಲ ಜುಮ್ಮೆನ್ನುತ್ತೆ. ಫಸ್ಟ್ ಇಯರ್ ಮ್ಯಾಥ್ಸ್ ಬ್ಯಾಕ್ (ಫೇಲಾಗಿ ಮತ್ತೆ ಬರೆಯಬೇಕಾದ ಪೇಪರ್) ಉಳಿದಿದೆ, ಅದನ್ನ ನೆನೆಸಿಕೊಂಡರೆ ಈ ಸೆಮ್ಮಿನದೂ ಓದೋಕಾಗಲ್ಲ.

ಇವರಿಗೆ ಎ4 ಹಾಳೆಯಲ್ಲಿ ಒಂದು ಪುಟ ಬರೆದು ಕೊಡೋಣ ಅಂತಿದ್ದೇನೆ. "ಧ್ಯಾನ ಮಾಡಿ, ಪಾಸಿಟಿವ್ ಆಗಿರಿ, ಹವ್ಯಾಸ ಬೆಳೆಸಿಕೊಳ್ಳಿ" ಅನ್ನುವ ಪೋಸ್ಟರ್ ಕಾರಿಡಾರಿನಲ್ಲಿ ಆಗಲೇ ಇದೆ, ಯಾರೂ ಓದಿದ ಹಾಗೆ ಕಾಣೆ. ಎಷ್ಟು ಗಂಟೆಗೆ, ಎಷ್ಟು ನಿಮಿಷ, ಎಷ್ಟು ಲೋಟ, ಈ ಮಟ್ಟದಲ್ಲಿ ಹೇಳಿ. ಎಲ್ಲಿಂದ ಶುರು ಮಾಡಿಸಲಿ?

ಮಲ್ನಾಡ್ ಡಾಕ್ಟರ್:

ಮೇಷ್ಟ್ರೇ, ಪುಟದ ತಲೆಯ ಮೇಲೆ ಒಂದೇ ಸಾಲು ದಪ್ಪಕ್ಷರದಲ್ಲಿ ಹಾಕಿ: ಏಳುವ ಹೊತ್ತು ವಾರದ ಏಳೂ ದಿನ ಒಂದೇ. 6.30 ಅಂದರೆ ಭಾನುವಾರವೂ 6.30. ಮಿಕ್ಕಿದ್ದೆಲ್ಲ ಅದರ ಕೆಳಗೆ ಬರಲಿ.

ನಿದ್ದೆ ಯಾವಾಗ ಬರಬೇಕು ಅನ್ನೋದು ನಮ್ಮ ಕೈಲಿಲ್ಲ, ಏಳೋದು ಕೈಲಿದೆ. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತೆ, ನಿದ್ದೆ ಒತ್ತರಿಸಿಕೊಂಡು ಬರುವುದು ಬಹುಪಾಲು ಅದರಿಂದ. 6.30ಕ್ಕೆ ಎದ್ದವನು ರಾತ್ರಿ 11ರ ಹೊತ್ತಿಗೆ ಹದಿನಾರೂವರೆ ಗಂಟೆ ಎಚ್ಚರವಿರುತ್ತಾನೆ. ಭಾನುವಾರ 11ಕ್ಕೆ ಎದ್ದವನು ಅಷ್ಟು ಹೊತ್ತು ಎಚ್ಚರವಿರಬೇಕಾದರೆ ಬೆಳಗಿನ ಜಾವ ಮೂರೂವರೆ ಆಗಬೇಕು. ಸೋಮವಾರದ ಮೊದಲ ಪೀರಿಯಡ್ ಹೋಗೋದು ಹೀಗೆ.

ಹುಡುಗರು ಸಾಮಾನ್ಯವಾಗಿ ಎಡವುವ ಜಾಗ ಇನ್ನೊಂದು. ಮೂರಕ್ಕೆ ಮಲಗುತ್ತಿದ್ದವನು ಉತ್ಸಾಹದಲ್ಲಿ "ಇವತ್ತಿಂದ ಹತ್ತಕ್ಕೇ ಮಲಗ್ತೀನಿ" ಅಂತ ಲೈಟ್ ಆರಿಸುತ್ತಾನೆ. ಐದು ಗಂಟೆ ಹೊರಳಾಡುತ್ತಾನೆ. ನಾಲ್ಕು ದಿನ ಹಾಗಾದರೆ ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮಿದುಳು ಕಲಿತುಬಿಡುತ್ತೆ. ಆದ್ದರಿಂದ ಮೊದಲ ವಾರ ರಾತ್ರಿ 12.30ಕ್ಕಿಂತ ಮೊದಲು ಮಲಗಲೇಬೇಡಿ ಅನ್ನಿ, ಏಳೋದು ಮಾತ್ರ 6.30. ಹಗಲು ತೂಕಡಿಕೆ ಬರುತ್ತೆ, ಬರಲಿ. ಮಲಗಿದ 20 ನಿಮಿಷದೊಳಗೆ ನಿದ್ದೆ ಹತ್ತತೊಡಗಿದ ಮೇಲೆ ನಾಲ್ಕೈದು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತಂದು 11ರಿಂದ 11.30ರ ನಡುವೆ ನಿಲ್ಲಿಸಿ. ಈ ವಯಸ್ಸಿಗೆ ಕನಿಷ್ಠ 7 ಗಂಟೆ ಬೇಕು. ಮೂರ್ಛೆ ರೋಗ ಅಥವಾ ಬೈಪೋಲಾರ್ (ಅತಿ ಹುಮ್ಮಸ್ಸು, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವ ಹುಡುಗರಿಗೆ ಈ ಮೊದಲ ವಾರದ ನಿದ್ದೆ ಕಡಿತ ಬೇಡ, ಅದರಿಂದಲೇ ಕಾಯಿಲೆ ಕೆರಳಬಹುದು.

ಎದ್ದ ಅರ್ಧ ಗಂಟೆಯೊಳಗೆ 20 ನಿಮಿಷ ಹೊರಗಿನ ಬೆಳಕಿಗೆ ಹೋಗಬೇಕು. ಮೋಡವಿದ್ದರೂ ಹೊರಗಿನ ಬೆಳಕು ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ದೇಹದ ಗಡಿಯಾರ ಸರಿಹೊಂದುವುದು ಅದರಿಂದ. ಹಗಲು ನಿದ್ದೆ ಬೇಕೇ ಬೇಕು ಅಂದರೆ ಮಧ್ಯಾಹ್ನ 3ರೊಳಗೆ, 20 ನಿಮಿಷ, ಅಲಾರಂ ಇಟ್ಟು. ಒಂದು ಗಂಟೆ ಮಲಗಿದರೆ ಗಾಢನಿದ್ದೆಯ ನಡುವೆ ಎದ್ದು ತಲೆ ಭಾರ, ರಾತ್ರಿಯ ನಿದ್ದೆಗೂ ಕುತ್ತು.

"ಹಾಸಿಗೆಯನ್ನು ನಿದ್ದೆಗೆ ಮಾತ್ರ ಬಳಸಿ" ಅಂತ ಪುಸ್ತಕಗಳಲ್ಲಿದೆ. ಹಾಸ್ಟೆಲಿನಲ್ಲಿ ಮಂಚವೇ ಸೋಫಾ, ಮಂಚವೇ ಟೇಬಲ್, ಮಂಚವೇ ಕೇರಂ ಕ್ಲಬ್. ಹಾಗಾಗಿ ಹಗಲಿಗೆ ಬೇರೆ ಬಣ್ಣದ ಬೆಡ್‌ಶೀಟ್ ಮೇಲೆ ಹಾಸಿ, ಕಾಲಿಡುವ ತುದಿಯಲ್ಲಿ ಗೋಡೆಗೊರಗಿ ಕೂತು ಓದಲಿ. ದಿಂಬು ಕಪಾಟಿನಲ್ಲಿರಲಿ. ರಾತ್ರಿ ಆ ಬೆಡ್‌ಶೀಟ್ ತೆಗೆದು ದಿಂಬು ಇಟ್ಟರೆ ನಿದ್ದೆಯ ಜಾಗ. ನಿದ್ದೆ ಬಾರದೆ ಅಂದಾಜು 20 ನಿಮಿಷ ಆಯ್ತು ಅನ್ನಿಸಿದರೆ (ಗಡಿಯಾರ ನೋಡಬಾರದು) ಎದ್ದು ಕುರ್ಚಿಯಲ್ಲಿ ಕೂತು ಬಟ್ಟೆ ಮಡಚೋದೋ ಹಳೇ ನೋಟ್ಸಿಗೆ ಪುಟಸಂಖ್ಯೆ ಹಾಕೋದೋ ಮಾಡಲಿ. ಫೋನ್ ಮಾತ್ರ ಬೇಡ. ಚಾರ್ಜರನ್ನ ಮಂಚಕ್ಕೆ ಕೈಗೆಟುಕದ ಪ್ಲಗ್ಗಿಗೆ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ, ಅಲಾರಂ ಆರಿಸೋಕೂ ಎದ್ದು ನಡೀಬೇಕು.

ಕಾಫಿ, ಟೀ. ಕೆಫೀನ್ ಅಡೆನೊಸಿನ್‌ಗೆ ಅಡ್ಡ ನಿಲ್ಲುತ್ತೆ. ಕುಡಿದದ್ದರಲ್ಲಿ ಅರ್ಧ ರಕ್ತದಿಂದ ಇಳಿಯೋಕೆ ಸುಮಾರು 5 ಗಂಟೆ ಹಿಡಿಯುತ್ತೆ, ಅಂದರೆ ರಾತ್ರಿ 10ರ ಕಾಫಿಯ ಅರ್ಧ ಭಾಗ 3ಕ್ಕೂ ಒಳಗೇ ಇರುತ್ತೆ. ಕಡೇ ಲೋಟ ಸಂಜೆ 4ಕ್ಕೆ. 250 ಮಿಲಿ ಎನರ್ಜಿ ಡ್ರಿಂಕ್ ಕ್ಯಾನಿನಲ್ಲಿ ಸಾಮಾನ್ಯವಾಗಿ 75–80 ಮಿಲಿಗ್ರಾಂ ಕೆಫೀನ್ ಇರುತ್ತೆ, ಅದನ್ನೂ ಒಂದು ಕಾಫಿ ಅಂತಲೇ ಲೆಕ್ಕ ಹಿಡೀಬೇಕು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮೇಲ್ಮಿತಿ ಅಂತಾರೆ, ಆದರೆ ಎದೆ ಹೊಡೆದುಕೊಳ್ಳುತ್ತೆ ಅನ್ನುವ ಹುಡುಗನಿಗೆ ಎರಡು ಲೋಟವೇ ಸಾಕು. ದಿನಕ್ಕೆ ಐದಾರು ಕುಡಿಯೋನು ಒಮ್ಮೆಗೇ ಬಿಟ್ಟರೆ ಮರುದಿನ ತಲೆನೋವು ಬರೋದು ಸಾಮಾನ್ಯ. ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಲಿ.

ಪರೀಕ್ಷೆಯ ಹಿಂದಿನ ರಾತ್ರಿ ನೈಟ್‌ಔಟ್ ಬಗ್ಗೆ ಒಂದೇ ಮಾತು: ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ಐದನೇ ಮಾಡ್ಯೂಲಿಗಾಗಿ (ಪಠ್ಯದ ಕಡೇ ಭಾಗಕ್ಕಾಗಿ) ಮೊದಲ ನಾಲ್ಕನ್ನು ಅಡವಿಡಬಾರದು.

ಆಪ್ತಸಲಹೆ ಕೊಠಡಿ:

ಡಾಕ್ಟರ್ ಹೇಳಿದ್ದಕ್ಕೆ ಸೇರಿಸ್ತೀನಿ ಸರ್. ಪ್ರಶ್ನೆಪತ್ರಿಕೆ ಕಂಡಾಗ ಎದೆಬಡಿತ, ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು, ಇದರ ಒಳಗೆ ಏನು ನಡೆಯುತ್ತೆ ಅಂತ ಹುಡುಗರಿಗೆ ಮೊದಲು ಹೇಳಿ. ಅರ್ಧ ಭಯ ಅದರಿಂದಲೇ ಇಳಿಯುತ್ತೆ. ಹೆದರಿಕೆಯಲ್ಲಿ ಉಸಿರು ಬೇಗಬೇಗ ಆಡುತ್ತೆ, ರಕ್ತದ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಇಳಿಯುತ್ತೆ. ಅದರಿಂದ ಮಿದುಳಿನ ರಕ್ತನಾಳಗಳು ಕೊಂಚ ಕುಗ್ಗಿ ತಲೆ ಸುತ್ತಿದ ಹಾಗೆ, ಬೆರಳು ಮತ್ತು ತುಟಿಯ ಸುತ್ತ ಇರುವೆ ಹರಿದ ಹಾಗೆ ಆಗುತ್ತೆ. ಹುಡುಗ ಅದನ್ನ ಹಾರ್ಟ್ ಅಟ್ಯಾಕ್ ಅಂದುಕೊಂಡು ಇನ್ನೂ ಜೋರಾಗಿ ಉಸಿರೆಳೆಯುತ್ತಾನೆ.

ಆದ್ದರಿಂದ "ದೀರ್ಘವಾಗಿ ಉಸಿರು ಎಳ್ಕೋ" ಅನ್ನೋದು ಅಲ್ಲಿ ತಪ್ಪು ಸಲಹೆ. ಎಳೆಯೋದಲ್ಲ, ಬಿಡೋದು ಮುಖ್ಯ. ಮೂಗಿನಿಂದ 4 ಎಣಿಸುವಷ್ಟು ಒಳಗೆ, ಎದೆ ಉಬ್ಬದೆ ಹೊಟ್ಟೆ ಮೇಲೇಳಬೇಕು. 6 ಎಣಿಸುವಷ್ಟು ನಿಧಾನ ಹೊರಗೆ. ಒಂದು ಸುತ್ತಿಗೆ 10 ಸೆಕೆಂಡ್, ನಿಮಿಷಕ್ಕೆ ಆರು ಉಸಿರು. ಬೆಳಗ್ಗೆ 5 ನಿಮಿಷ, ಸಂಜೆ 5 ನಿಮಿಷ, ಏನೂ ಗಾಬರಿ ಇಲ್ಲದ ಹೊತ್ತಲ್ಲೇ ಎರಡು ವಾರ ಅಭ್ಯಾಸ ಆಗಿರಬೇಕು. ಹಾಲ್‌ನಲ್ಲಿ ಮೊದಲ ಸಲ ಮಾಡಿ "ಇದು ಕೆಲಸ ಮಾಡಲ್ಲ ಮೇಡಂ" ಅನ್ನೋರೇ ಹೆಚ್ಚು. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತೆ. ಎದ್ದು ಓಡಿಹೋದರೆ ಆ ಕ್ಷಣಕ್ಕೆ ಹಿತ, ಮುಂದಿನ ಪರೀಕ್ಷೆಗೆ ಮಾತ್ರ ಭಯ ಇಮ್ಮಡಿ. ಕಾಗದದ ಚೀಲಕ್ಕೆ ಉಸಿರು ಬಿಡಿಸೋದು ಸಿನಿಮಾದಲ್ಲಿ ಸರಿ, ನಿಜಕ್ಕೂ ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಿಗೆ ಅಪಾಯ. ಮೊದಲ ಸಲ ಎದೆನೋವು ಬಂದವರನ್ನ ಒಮ್ಮೆ ಡಾಕ್ಟರಿಗೆ ತೋರಿಸಿಯೇ ಮುಂದಿನ ಮಾತು.

ಹಾಲ್‌ನಲ್ಲಿ ಹೀಗೆ ಮಾಡಿಸಿ: ಪತ್ರಿಕೆ ಬಂದ ಮೇಲೆ ಆರು ಉಸಿರು, ಒಂದು ನಿಮಿಷ. ನಂತರ ಬಾಯಿಪಾಠ ಮಾಡಿದ ಸೂತ್ರಗಳನ್ನೆಲ್ಲ ಉತ್ತರಪತ್ರಿಕೆಯ ಕಡೇ ಪುಟದಲ್ಲಿ ರಫ್ ವರ್ಕ್ ಅಂತ ಬರೆದು ಗೀಚಿಡಲಿ. ಬರೆಯೋಕೆ ಶುರು ಮಾಡೋದು ಚೆನ್ನಾಗಿ ಗೊತ್ತಿರುವ ಪ್ರಶ್ನೆಯಿಂದ. 1ಎ ಇಂದಲೇ ಶುರು ಮಾಡಬೇಕು ಅನ್ನೋ ಹಟ ಬೇಡ.

ರಾತ್ರಿ ಮಲಗಿದ ಮೇಲೆ ಬರುವ ಯೋಚನೆಗಳಿಗೆ ಬೇರೆ ಉಪಾಯ. ಸಂಜೆ 6.30ರಿಂದ 6.45, ದಿನಾ ಅದೇ ಕುರ್ಚಿ, ಒಂದು ನೋಟ್‌ಬುಕ್. ಪುಟದ ನಡುವೆ ಗೆರೆ. ಎಡಗಡೆ ತಲೆಯಲ್ಲಿರುವ ಚಿಂತೆಗಳೆಲ್ಲ ಇದ್ದ ಹಾಗೆ. ಬಲಗಡೆ "ನಾಳೆ ಮಾಡಬಹುದಾದ ಒಂದು ಕೆಲಸ". "ಮ್ಯಾಥ್ಸ್ ಮತ್ತೆ ಹೋದರೆ?" ಅನ್ನೋದರ ಎದುರು "ನಾಳೆ 7ಕ್ಕೆ ಮಾಡ್ಯೂಲ್ 2ರ ಎರಡು ಲೆಕ್ಕ". ಬಲಗಡೆ ಬರೆಯೋಕೆ ಏನೂ ಇಲ್ಲದ್ದಕ್ಕೆ ಅಡ್ಡಗೀಟು. ರಾತ್ರಿ ಅದೇ ಯೋಚನೆ ಬಂದರೆ ಒಂದು ಪದ ಚೀಟಿಯಲ್ಲಿ ಬರೆದು ನಾಳೆ ಸಂಜೆಗೆ ಮುಂದೂಡೋದು. "ಯೋಚನೆ ಮಾಡಬೇಡ" ಅಂದರೆ ಯಾರಿಗೂ ಆಗಲ್ಲ, "ಈಗ ಬೇಡ, ಆರೂವರೆಗೆ" ಅಂದರೆ ಆಗುತ್ತೆ. ರಾತ್ರಿ ಊಟ ಆದ ಮೇಲೆ ಈ ನೋಟ್‌ಬುಕ್ ತೆರೆಯಬಾರದು, ನಿದ್ದೆ ಕೆಡುತ್ತೆ.

ಮಾಡ್ಯೂಲ್ ಐದು:

ಬ್ಯಾಕ್ ಇರುವ ಹುಡುಗನ ಮುಂದೆ ಮೊದಲು ಲೆಕ್ಕ ಇಡಿ ಸರ್, ಸಮಾಧಾನ ಆಮೇಲೆ. ವಿಟಿಯುನ ಇತ್ತೀಚಿನ ಸ್ಕೀಮುಗಳಲ್ಲಿ (ಪಠ್ಯ, ಪರೀಕ್ಷೆಯ ನಿಯಮ) ಥಿಯರಿ ಪೇಪರಿಗೆ ಸಿಐಇ (ಕಾಲೇಜಿನ ಒಳ ಅಂಕ) 50ಕ್ಕೆ 20, ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ) 100ಕ್ಕೆ ಬರೆದು 35, ಅದನ್ನ 50ಕ್ಕೆ ಇಳಿಸಿ ಎರಡೂ ಸೇರಿ 40 ಬರಬೇಕು (ಅವರವರ ಸ್ಕೀಮ್ ಪುಸ್ತಕ ಒಮ್ಮೆ ನೋಡಿಕೊಳ್ಳಲಿ). ಸಿಐಇ ಅಂಚಿನಲ್ಲಿ 20 ಇದ್ದವನಿಗೆ ಪೇಪರಿನಲ್ಲಿ 35 ಸಾಲದು, 40 ಬೇಕು. 23 ಇದ್ದವನಿಗೆ 35 ಸಾಕು. ಎಸ್‌ಇಇಯಲ್ಲಿ ಹೋದವನ ಸಿಐಇ ಅಂಕ ಹಾಗೇ ಉಳಿದಿರುತ್ತೆ, ಆದ್ದರಿಂದ ಬೇಕಾದ ಅಂಕ ಎಷ್ಟು ಅಂತ ಇವತ್ತೇ ಗೊತ್ತು. ಅದನ್ನ ಹಾಳೆಯ ಮೇಲೆ ದೊಡ್ಡದಾಗಿ ಬರೀಲಿ. "ಮ್ಯಾಥ್ಸ್" ಅನ್ನೋ ಗುಮ್ಮ ಹೋಗಿ "40" ಅನ್ನೋ ಸಂಖ್ಯೆ ಉಳಿಯುತ್ತೆ.

ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪೂರ್ಣ ಪ್ರಶ್ನೆ, ಒಂದು ಬರೀಬೇಕು, 20 ಅಂಕ. ಮೂರು ಮಾಡ್ಯೂಲ್ ಗಟ್ಟಿ ಮಾಡಿದರೆ ಕೈಗೆ 60 ಅಂಕದ ಪ್ರಶ್ನೆ. ಅದರಲ್ಲಿ ಮೂರನೇ ಎರಡು ಭಾಗ ಬಂದರೂ 40. ಉಳಿದೆರಡು ಮಾಡ್ಯೂಲಿನಲ್ಲಿ ಗೊತ್ತಿರುವ ಹಂತಗಳನ್ನಷ್ಟೇ ಬರೆದು ಬರಲಿ, ಖಾಲಿ ಬಿಡೋದು ಬೇಡ. ದಿನಕ್ಕೆ ಒಂದೇ ಗಂಟೆ ಬ್ಯಾಕ್ ವಿಷಯಕ್ಕೆ, ಬೆಳಗ್ಗೆ 7ರಿಂದ 8. ಆ ಗಂಟೆ ಮುಗಿದ ಮೇಲೆ ಅದನ್ನ ಮುಟ್ಟಬಾರದು. ದಿನವಿಡೀ ಬ್ಯಾಕ್ ಹಿಂದೆ ಬಿದ್ದು ಈ ಸೆಮ್ಮಿನಲ್ಲಿ ಇನ್ನೆರಡು ಕಳೆದುಕೊಳ್ಳುವುದು ಮಾಮೂಲು ಕಥೆ.

ಓದುವ ಬಗೆಯೂ ಒತ್ತಡ ಹೆಚ್ಚಿಸುತ್ತೆ. ಹೈಲೈಟರ್ ಹಿಡಿದು ನೋಟ್ಸ್ ಮೂರು ಸಲ ಓದಿದರೆ ಎಲ್ಲ ಗೊತ್ತಿದೆ ಅನ್ನಿಸುತ್ತೆ, ಹಾಲ್‌ನಲ್ಲಿ ಏನೂ ಬರಲ್ಲ, ಗಾಬರಿ ಅಲ್ಲಿಂದ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಓದಿದ 5 ನಿಮಿಷಕ್ಕೆ ಪರೀಕ್ಷಿಸಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪು ಮಾಡಿಕೊಂಡು ಬರೆದವರು ಮುಂದೆ ಹೋಗಿದ್ದರು. ಹಾಗಾಗಿ 40 ನಿಮಿಷದ ಬೈಠಕ್ಕಿನಲ್ಲಿ 25 ಓದು, 15 ಪುಸ್ತಕ ಮುಚ್ಚಿ ಬರವಣಿಗೆ, ಆಮೇಲೆ 10 ನಿಮಿಷ ಎದ್ದು ಓಡಾಟ. ಬರೆದದ್ದರಲ್ಲಿ ತಪ್ಪಿದ್ದಷ್ಟನ್ನೇ ಮರುದಿನ ಮೊದಲು ನೋಡೋದು. ಪರೀಕ್ಷೆಗೆ ಮೂರು ದಿನ ಇರುವಾಗ "ಇಂಪಾರ್ಟೆಂಟ್ ಕ್ವೆಶ್ಚನ್ಸ್" ಅಂತ ತುಂಬಿ ಬರುವ ವಾಟ್ಸ್ಯಾಪ್ ಗುಂಪುಗಳನ್ನ ಮ್ಯೂಟ್ ಮಾಡಿಸಿ.

ಹುಬ್ಳಿ ಮೆಸ್:

ಊಟದ ಸುದ್ದಿ ಯಾರೂ ತೆಗೀಲೇ ಇಲ್ಲ ನೋಡ್ರಿ ಸರ. ನಾಷ್ಟಾ ಬಿಟ್ಟು ಬರೇ ಚಾ ಕುಡದು ಕ್ಲಾಸಿಗೆ ಹೋಗೋ ಹುಡುಗ್ರು ಭಾಳ ಅದಾರ. ಖಾಲಿ ಹೊಟ್ಟಿಗೆ ಎರಡು ಚಾ ಬಿದ್ರ ಹನ್ನೊಂದಕ್ಕ ಕೈ ನಡುಗ್ತದ, ಎದಿ ಹೊಡ್ಕೋತದ. ಅದನ್ನ ಟೆನ್ಷನ್ ಅಂತ ತಿಳ್ಕೋತಾರ. ಮೆಸ್ ನಾಷ್ಟಾ ಸೇರ್ಲಿಲ್ಲ ಅಂದ್ರ ಎರಡು ಬಾಳೆಹಣ್ಣು, ಒಂದು ಮುಷ್ಟಿ ಶೇಂಗಾ ಇಲ್ಲಾ ಪುಠಾಣಿ, ಇಷ್ಟಾದ್ರೂ ಹೊಟ್ಟಿಗೆ ಹಾಕ್ಕೊಂಡ ಮ್ಯಾಲೆ ಚಾ. ಡಬ್ಬಿ ತುಂಬಿಸಿ ರೂಮಿನಾಗ ಇಟ್ಕೊಳ್ಳಾಕ ಹೇಳ್ರಿ, ಕೆಡೋದಿಲ್ಲ.

ಊಟದ ಜೋಡಿ ಚಾ ಬ್ಯಾಡ. ಚಾದಾಗಿನ ಟ್ಯಾನಿನ್ ಊಟದಾಗಿನ ಕಬ್ಬಿಣ ರಕ್ತಕ್ಕ ಸೇರಾಕ ಬಿಡೂದಿಲ್ಲ. ಒಂದು ತಾಸು ಅಂತರ ಇರ್ಲಿ. ಹುಡುಗ್ಯಾರ ಹಾಸ್ಟೆಲಿಗೆ ಇದು ಇನ್ನೂ ಮುಖ್ಯ: ಹಿಮೋಗ್ಲೋಬಿನ್ 12ಕ್ಕಿಂತ ಕಡಿಮಿ ಇದ್ರ ದಣಿವು, ಏದುಸಿರು, ಓದಿದ್ದು ತಲಿಗೆ ಹತ್ತೂದಿಲ್ಲ, ಅದಕ್ಕ ಮನಸ್ಸಿನ ಔಷಧ ಹುಡುಕಿದ್ರ ಏನ್ ಬಂತು?

ರಾತ್ರಿ ಊಟ ಮಲಗೋ ಎರಡು ತಾಸು ಮೊದ್ಲ. ಹನ್ನೆರಡಕ್ಕ ಹಸಿವಾದ್ರ ನೂಡಲ್ಸ್ ಪಾಕೀಟು ಬ್ಯಾಡ, ಒಂದು ಲೋಟ ಹಾಲು ಸಾಕು. ಸಂಜಿಕ್ಕ ಅರ್ಧ ತಾಸು ಜೋರು ನಡಿಗಿ ಇಲ್ಲಾ ಷಟಲ್, ವಾರಕ್ಕ ಐದು ದಿನ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ 150 ನಿಮಿಷ ಅಲ್ಲಿಗೆ ಆತು. ಜಿಮ್ ರೊಕ್ಕ ಕಟ್ಟೂದೇನ್ ಬೇಕಿಲ್ಲ.

ಸಿವಿಲ್ ಮೇಷ್ಟ್ರು:

ಎಲ್ಲರಿಗೂ ಧನ್ಯವಾದ. ಎರಡು ವಿಷಯ ಉಳಿದವು. ಕೆಲವರು ಮೆಡಿಕಲ್ ಸ್ಟೋರಿನಿಂದ ಸ್ನೇಹಿತರ ಮೂಲಕ ನಿದ್ದೆ ಮಾತ್ರೆ ತರಿಸಿಕೊಳ್ತಾರೆ ಅಂತ ಕಿವಿಗೆ ಬಿದ್ದಿದೆ. ಮತ್ತೆ, ಇದು ಬರೀ ಪರೀಕ್ಷೆ ಟೆನ್ಷನ್ನಾ, ಅದಕ್ಕಿಂತ ಹೆಚ್ಚಾ ಅಂತ ನನ್ನಂಥವನು ಹೇಗೆ ಗುರುತಿಸೋದು? ಮನೆಯವರಿಗೆ ಹೇಳಬೇಡಿ ಸರ್ ಅಂತ ಹುಡುಗ ಕೇಳಿಕೊಂಡರೆ?

ಮಲ್ನಾಡ್ ಡಾಕ್ಟರ್:

ಮಾತ್ರೆ ಅಂದರೆ ಬಹುತೇಕ ಅಲ್ಪ್ರಾಜೋಲಾಮ್ ಇರಬೇಕು. ಅದು ಷೆಡ್ಯೂಲ್ ಎಚ್1 ಔಷಧಿ, ಚೀಟಿ ಇಲ್ಲದೆ ಮಾರುವಂತಿಲ್ಲ. ಹುಡುಗರಿಗೆ ಕಾನೂನಿಗಿಂತ ಈ ಮಾತು ನಾಟುತ್ತೆ: ಆ ಗುಂಪಿನ ಮಾತ್ರೆಗಳು ಹೊಸ ನೆನಪು ಕೂಡಿಕೊಳ್ಳದಂತೆ ಮಾಡುತ್ತವೆ, ಮಾತ್ರೆ ನುಂಗಿ ಓದಿದ್ದು ಮರುದಿನ ಇರಲ್ಲ. ಕೆಲವೇ ವಾರದಲ್ಲಿ ದೇಹ ಒಗ್ಗಿಕೊಂಡು ಡೋಸ್ ಹೆಚ್ಚು ಕೇಳುತ್ತೆ. ಆಗಲೇ ದಿನಾ ತೆಗೆದುಕೊಳ್ಳುತ್ತಿರುವವನು ಒಮ್ಮೆಗೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಡಾಕ್ಟರ್ ಹೇಳಿದಂತೆ ಇಳಿಸಬೇಕು. ಕುಡಿತದ ಜೊತೆ ಸೇರಿದರೆ ಉಸಿರಾಟಕ್ಕೇ ಅಪಾಯ. "ಇಂಟರ್‌ವ್ಯೂಗೆ ಕೈ ನಡುಗಬಾರದು" ಅಂತ ಎದೆಬಡಿತ ಇಳಿಸುವ ಪ್ರೊಪ್ರಾನೊಲಾಲ್ ಮಾತ್ರೆ ನುಂಗುವವರೂ ಇದ್ದಾರೆ, ಆಸ್ತಮಾ ಇದ್ದವರಿಗೆ ಅದು ನಿಷಿದ್ಧ.

ಗುರುತಿಸೋಕೆ ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿ ಬಳಸಿ. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಅದು ರೋಗನಿರ್ಣಯವಲ್ಲ, ಸೋಸುವ ಜಾಲರಿ ಅಷ್ಟೇ. 10 ಅಥವಾ ಮೇಲೆ ಬಂದರೆ ಡಾಕ್ಟರ ಹತ್ತಿರ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು, ಅದಕ್ಕೆ 1 ಹಾಕಿದ್ದರೂ ಒಟ್ಟು ಎಷ್ಟೇ ಇರಲಿ, ಅದೇ ದಿನ ಮಾತಾಡಬೇಕು. ಅಂಕ ಬಿಟ್ಟು ನೋಡೋದಾದರೆ: ಎರಡು ವಾರದಿಂದ ಇಷ್ಟದ ಆಟವೂ ಬೇಡವಾಗಿರೋದು, ರೂಮ್ ಬಿಟ್ಟು ಬರದಿರೋದು, ಇದ್ದಕ್ಕಿದ್ದ ಹಾಗೆ ಸಾಮಾನು ಹಂಚಿಬಿಡೋದು, ಅಥವಾ ಎರಡು ಮೂರು ದಿನ ನಿದ್ದೆಯೇ ಇಲ್ಲದೆ ವಿಪರೀತ ಹುಮ್ಮಸ್ಸಿನಲ್ಲಿ ಮಾತಾಡೋದು. ಕೊನೆಯದನ್ನ ಮೇಷ್ಟ್ರುಗಳು "ಈಗ ಚುರುಕಾದ" ಅಂದುಕೊಂಡು ಬಿಟ್ಟುಬಿಡ್ತಾರೆ.

ಡಾಕ್ಟರ್ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬೇಕಾದರೆ ವಿಟಮಿನ್ ಬಿ12 ನೋಡ್ತಾರೆ. ಥೈರಾಯ್ಡ್ ಏರುಪೇರೂ ಎದೆಬಡಿತ ತರುತ್ತೆ. ಖಿನ್ನತೆಯ ಮಾತ್ರೆ ಕೊಟ್ಟರೆ ಪರಿಣಾಮ ಕಾಣೋಕೆ 2ರಿಂದ 4 ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿ "ಇದು ನನಗೆ ಆಗಲ್ಲ" ಅಂತ ಬಿಡೋರು ಬಹಳ. 25 ವರ್ಷದೊಳಗಿನವರನ್ನ ಶುರುವಿನ ವಾರಗಳಲ್ಲಿ ಹೆಚ್ಚು ನಿಗಾದಲ್ಲಿಡಬೇಕು.

ಆಪ್ತಸಲಹೆ ಕೊಠಡಿ:

ಸರ್, ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತೆ ಅನ್ನೋದು ಸುಳ್ಳು, ಬಹಳ ಸಲ ಹುಡುಗರಿಗೆ ಹಗುರಾಗುತ್ತೆ. ಹೌದು ಅಂದರೆ ಉಪದೇಶ ಬೇಡ, ಅಪ್ಪ-ಅಮ್ಮನ ಕಷ್ಟ ನೆನಪಿಸೋದಂತೂ ಬೇಡವೇ ಬೇಡ. ಒಬ್ಬನೇ ಬಿಡಬೇಡಿ, ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಅದೇ ದಿನ ಜೊತೆಗೇ ಆಸ್ಪತ್ರೆಗೆ ಹೋಗಿ. ತುರ್ತು ಇದ್ದರೆ 112.

ಗುಟ್ಟಿನ ವಿಷಯಕ್ಕೆ ಮಾತು ಶುರುವಾಗೋ ಮೊದಲೇ ಹೀಗೆ ಹೇಳಿಬಿಡಿ: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ ಕಣಪ್ಪ. ನಿನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ, ಅದೂ ನಿನಗೆ ತಿಳಿಸಿಯೇ." ಏನನ್ನೂ ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಮುರಿಯಬೇಕಾಗಿ ಬಂದರೆ ಮತ್ತೆ ಅವನು ಬಾಯಿ ಬಿಡಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯ, ಅಲ್ಲೂ ಪ್ರಾಣಾಪಾಯಕ್ಕೆ ವಿನಾಯಿತಿ ಇದೆ.

ಪುಟದ ಕೆಳಗೆ 14416 ಹಾಕಿ, ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನೇರ ತೋರಿಸೋಕೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ (ಮನೋವೈದ್ಯರು ಬಂದು ನೋಡುವ ಸರ್ಕಾರಿ ಕ್ಲಿನಿಕ್) ಮಂಗಳವಾರ ಇರುತ್ತಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಹುಬ್ಳಿ ಮೆಸ್:

ಸರ, ಆ ಚೀಟಿ ಇಂಟರ್ನಲ್ಸ್ ಹಿಂದಿನ ದಿನ ಹಂಚಬ್ಯಾಡ್ರಿ, ಮೂರು ವಾರ ಮೊದ್ಲ ಕೊಡ್ರಿ. ಉಸಿರಾಟಕ್ಕ ಎರಡು ವಾರ ರೂಢಿ ಬೇಕಂತ ಮೇಡಂ ಹೇಳ್ಯಾರ, ಎದ್ದೇಳೋ ಹೊತ್ತಿಗೂ ಅಷ್ಟ ಬೇಕು. ಮತ್ತ ಒಂದು ಪ್ರತಿ ವಾರ್ಡನ್ ಸಾಹೇಬ್ರಿಗೂ ಕೊಡ್ರಿ, ಮೆಸ್ ನಾಷ್ಟಾ ಏಳೂವರಿಗೆ ತೆಗೀಲಿಲ್ಲ ಅಂದ್ರ ಆರೂವರಿಗೆ ಎದ್ದ ಹುಡುಗ ಮತ್ತ ಹೋಗಿ ಮಲಗ್ತಾನ.